ಪ್ರತಿ: ವಿಳಾಸ ಹೆಫೆಯ್ ಅಂತಿದೆ, ಇತಿಹಾಸ ಬೀಜಿಂಗ್ ಅನ್ನುತ್ತೆ. ಏಜೆಂಟ್ ಟೋಪಿ ಹಾಕ್ತಿದ್ದಾನಾ?

ಕ್ವಾಂಟಮ್ ಸಂಶೋಧನೆಗೆ ಏಜೆಂಟ್ ಮೂಲಕ ಚೀನಾದ ಯುಎಸ್‌ಟಿಸಿ (ಚೀನಾ ವಿಜ್ಞಾನ ತಂತ್ರಜ್ಞಾನ ವಿ.ವಿ.) ಸೇರಲು ಹೊರಟಿದ್ದೀರಿ, ಅದರ ಊರು ಯಾವುದು ಅಂತ ಅನುಮಾನ ಬಂದಿದೆ. ಬಹುಶಃ ಮೋಸವಲ್ಲ, ವಿ.ವಿ. ಊರು ಬಿಟ್ಟ ಕಥೆ. ಯುಎಸ್‌ಟಿಸಿಯನ್ನು ಚೀನಾ ವಿಜ್ಞಾನ ಅಕಾಡೆಮಿ 1958ರಲ್ಲಿ ಬೀಜಿಂಗ್‌ನಲ್ಲಿ ಶುರು ಮಾಡಿತು. ಅಕಾಡೆಮಿಯ ಸಂಶೋಧಕರೇ ಪಾಠ ಮಾಡಬೇಕು ಅನ್ನೋದು ಉದ್ದೇಶ. ರಾಕೆಟ್ ವಿಜ್ಞಾನಿ ಚಿಯನ್ ಶುಯೆಸೆನ್ ಅಲ್ಲಿ ಒಂದು ವಿಭಾಗದ ಮುಖ್ಯಸ್ಥರಾಗಿದ್ದರು. ಸಾಂಸ್ಕೃತಿಕ ಕ್ರಾಂತಿಯ ಗಲಾಟೆಯಲ್ಲಿ, 1970ರಲ್ಲಿ, ಆನ್‌ಹುಯಿ ಪ್ರಾಂತ್ಯದ ಹೆಫೆಯ್‌ಗೆ ಗಂಟುಮೂಟೆ ಕಟ್ಟಿತು. ಅಲ್ಲೇ ಇದೆ.

ನಿಜವಾದ ಗೊಂದಲ ಬೇರೆ. 1978ರಲ್ಲಿ ಇದೇ ವಿ.ವಿ.ಯ ಸ್ನಾತಕೋತ್ತರ ಶಾಲೆ ಬೀಜಿಂಗ್‌ನಲ್ಲಿ ತೆರೆಯಿತು. ಅದು ಆಮೇಲೆ ಬೇರೆಯಾಗಿ, 2012ರಿಂದ ಯುಸಿಎಎಸ್ (ಚೀನಾ ವಿಜ್ಞಾನ ಅಕಾಡೆಮಿ ವಿ.ವಿ.) ಎಂಬ ಪ್ರತ್ಯೇಕ ವಿ.ವಿ. ಎರಡೂ ಅಕಾಡೆಮಿಯವೇ, ಆದರೆ ಡಿಗ್ರಿ ಬೇರೆ ಬೇರೆ.

ಮೊದಲು ಏಜೆಂಟ್ ಕೊಟ್ಟ ಪತ್ರದಲ್ಲಿ ವಿ.ವಿ.ಯ ಪೂರ್ತಿ ಹೆಸರು ನೋಡಿ, ಸಂಕ್ಷೇಪ ನಂಬಬೇಡಿ. ವುಹಾನ್, ಚೆಂಗ್ಡುವಿನಲ್ಲೂ 'ವಿಜ್ಞಾನ ತಂತ್ರಜ್ಞಾನ' ಹೆಸರಿನವು ಇವೆ. ಆಮೇಲೆ ನಿಮ್ಮ ಗೈಡ್ ಯಾವ ಸಂಸ್ಥೆಯವರು ಅಂತ ಅವರ ಅಧಿಕೃತ ಪುಟದಲ್ಲೇ ಖಚಿತಪಡಿಸಿಕೊಳ್ಳಿ. ಕ್ವಾಂಟಮ್ ಅಂದಿದ್ದೀರಲ್ಲ, ಹಾಗಾದರೆ ಹೆಫೆಯ್ ಇರುವ ಸಾಧ್ಯತೆ ಹೆಚ್ಚು: 2016ರಲ್ಲಿ ಹಾರಿಸಿದ ಮೀಷಿಯಸ್ ಎಂಬ ಕ್ವಾಂಟಮ್ ಸಂವಹನ ಉಪಗ್ರಹದ ಹಿಂದಿದ್ದದ್ದು ಅಲ್ಲಿನ ಪಾನ್ ಜಿಯಾನ್‌ವೇ ತಂಡ. ಪತ್ರ ನೋಡದೆ ನಿಮ್ಮ ಏಜೆಂಟ್ ಬಗ್ಗೆ ಗ್ಯಾರಂಟಿ ಕೊಡಲಾರೆ. ಗೈಡ್‌ಗೆ ನೀವೇ ಮೇಲ್ ಹಾಕಿ, ಒಪ್ಪಿಗೆ ಬಂದ ಮೇಲೆ ವಿ.ವಿ.ಯ ಪೋರ್ಟಲ್‌ನಲ್ಲಿ ನೇರ ಅರ್ಜಿ ಹಾಕಿ. ಸ್ಕಾಲರ್‌ಶಿಪ್ ನಿಯಮ ಬದಲಾಗುತ್ತಿರುತ್ತೆ, ಈ ವರ್ಷದ ಪ್ರಕಟಣೆಯನ್ನೇ ಓದಿ. ಅಲ್ಲಿವರೆಗೂ ಏಜೆಂಟ್ ಕೈಗೆ ದುಡ್ಡು ಕೊಡಬೇಡಿ.