ಬೆಳಕು ಕೈಕೊಟ್ಟ ವನ್ಯಜೀವಿ ಫೋಟೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೋಡ ಕವಿದ ಬಿಳಿ ಆಕಾಶದ ಎದುರು ಕೊಂಬೆಯ ಮೇಲೆ ಕೂತ ಹದ್ದು. ಫೋಟೊದಲ್ಲಿ ಹಕ್ಕಿ ಬರೀ ಕಪ್ಪಗೆ ಬಂದಿದೆ. ಲೈಟ್‌ರೂಮ್‌ನಲ್ಲಿ (ಫೋಟೊ ತಿದ್ದುವ ತಂತ್ರಾಂಶ) ಕತ್ತಲ ಭಾಗ ಬೆಳಗಿಸುವ ಶ್ಯಾಡೋಸ್ ಸ್ಲೈಡರ್ ಅನ್ನು +100ಕ್ಕೆ ಎಳೆದರೆ ಗರಿ ಕಾಣುತ್ತದೆ, ಆದರೆ ಮೈಯೆಲ್ಲ ಕಾಳುಕಾಳು, ಸುತ್ತ ಬಿಳಿ ಅಂಚು. ಸರಿ ಮಾಡುವುದು ಹೇಗೆ?

ಉತ್ತರ: ಇಲ್ಲಿರುವುದು ಎರಡು ಬೇರೆ ಬೇರೆ ದೋಷ. ಗರಿಗಳಿಂದ ಸೆನ್ಸರ್‌ಗೆ ಸಿಕ್ಕ ಬೆಳಕೇ ಕಡಿಮೆ. ಆ ಕತ್ತಲನ್ನು 2 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಎತ್ತಿದರೆ ಗರಿಯ ಜೊತೆಗೆ ಅಲ್ಲಿದ್ದ ನಾಯ್ಸ್ ಕೂಡ 4 ಪಟ್ಟು ಎದ್ದು ಬರುತ್ತದೆ, ಕಾಳು ಅದೇ. ಬಿಳಿ ಅಂಚು ಬರುವುದು ಶ್ಯಾಡೋಸ್ ಸ್ಲೈಡರ್‌ನಿಂದ. ಅದು ಸುತ್ತಲಿನ ಬೆಳಕನ್ನೂ ಲೆಕ್ಕಕ್ಕೆ ಹಿಡಿದು ಕೆಲಸ ಮಾಡುವುದರಿಂದ, ಕಪ್ಪು ಬಿಳಿ ಕೂಡುವ ಗಡಿಯಲ್ಲಿ ಎಡವುತ್ತದೆ.

ಮೊದಲು ರಾ ಫೈಲ್‌ನ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಮೇಲೆಯೇ ನಾಯ್ಸ್ ಕಡಿಮೆ ಮಾಡಿ. ಶ್ಯಾಡೋಸ್ ಅನ್ನು +30ರ ಆಸುಪಾಸಿಗೆ ಇಳಿಸಿ. ಆಮೇಲೆ ಹಕ್ಕಿಗೆ ಮಾತ್ರ ಮಾಸ್ಕ್ (ಬದಲಾವಣೆ ಆ ಭಾಗಕ್ಕಷ್ಟೇ ತಗಲುವಂತೆ ಮಾಡುವ ಆಯ್ಕೆ) ಹಾಕಿ, ಅದರೊಳಗೆ ಎಕ್ಸ್‌ಪೋಷರ್ +0.7ರಿಂದ +1ರವರೆಗೆ ಏರಿಸಿ, ಬ್ಲ್ಯಾಕ್ಸ್ −10 ಮಾಡಿ. ಬ್ಲ್ಯಾಕ್ಸ್ ಇಳಿಸದಿದ್ದರೆ ಹಕ್ಕಿ ಬೂದಿ ಮೆತ್ತಿದಂತೆ ಕಾಣುತ್ತದೆ. ಮಾಸ್ಕ್‌ನ ಅಂಚನ್ನು 200% ಹಿಗ್ಗಿಸಿ ನೋಡಲೇಬೇಕು. ಕಾಲ್ಬೆರಳ ಸಂದಿಯಲ್ಲಿ ಆಕಾಶವೂ ಸೇರಿಕೊಂಡಿರುತ್ತದೆ. ಬ್ರಷ್‌ನಿಂದ ಅಷ್ಟನ್ನು ಕಳೆಯಿರಿ.

ನಿಮ್ಮದು ಜೆಪೆಗ್ ಆಗಿದ್ದರೆ ಇಷ್ಟೆಲ್ಲ ದಕ್ಕುವುದಿಲ್ಲ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 14 ಬಿಟ್ ರಾ ಫೈಲ್‌ನಲ್ಲಿ 16,384. ಮುಂದಿನ ಸಲ ಕ್ಯಾಮೆರಾದಲ್ಲೇ +1ರಿಂದ +1.7ರವರೆಗೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾ ಲೆಕ್ಕ ಹಾಕಿದ್ದಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಹೊಂದಿಕೆ) ಕೊಡಿ. ಬರೀ ಮೋಡದ ಆಕಾಶ ಪೂರ್ತಿ ಬಿಳಿಯಾದರೆ ನಷ್ಟವಿಲ್ಲ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಪ್ರಶ್ನೆ: ಕಪ್ಪು ನೀರಿನ ಹಿನ್ನೆಲೆಯಲ್ಲಿ ಬೆಳ್ಳಕ್ಕಿ. ಹೈಲೈಟ್ಸ್ (ಹೊಳೆಯುವ ಭಾಗದ ಸ್ಲೈಡರ್) −100 ಮಾಡಿದರೂ ಬೆನ್ನಿನ ಗರಿ ಬರುತ್ತಿಲ್ಲ.

ಉತ್ತರ: ಆಲ್ಟ್ ಕೀ ಒತ್ತಿಹಿಡಿದು ಹೈಲೈಟ್ಸ್ ಸ್ಲೈಡರ್ ಎಳೆಯಿರಿ. ತೆರೆ ಕಪ್ಪಾಗಿ, ಬೆಳಕು ಮಿತಿಮೀರಿದ ಜಾಗ ಮಾತ್ರ ಉಳಿಯುತ್ತದೆ. ಆ ಜಾಗ ಬಣ್ಣದ್ದಾಗಿದ್ದರೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಒಂದೋ ಎರಡೋ ಹೋಗಿದೆ, ಉಳಿದದ್ದರಿಂದ ಗರಿಯ ಗೆರೆಗಳನ್ನು ಒಂದಿಷ್ಟು ಮರಳಿ ಪಡೆಯಬಹುದು. ಸ್ಲೈಡರ್ ಕೊನೆ ಮುಟ್ಟಿದರೂ ಅಚ್ಚ ಬಿಳಿಯಾಗಿಯೇ ಉಳಿದರೆ ಮೂರೂ ಹೋಗಿವೆ. ಅಲ್ಲಿ ಗರಿ ದಾಖಲಾಗಿಯೇ ಇಲ್ಲ. ಮತ್ತೆ ಎಳೆದರೆ ಸುಣ್ಣ ಬಳಿದ ಗೋಡೆಯಂಥ ಬೂದು ತೇಪೆ ಬರುತ್ತದೆ, ಅದಕ್ಕಿಂತ ಬಿಳಿಯೇ ವಾಸಿ. ಕತ್ತಲೆ ಹಿನ್ನೆಲೆ ಕಂಡು ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಬೆಳಕು ಏರಿಸಿದ್ದರಿಂದ ಹೀಗಾಗಿದೆ. ಇಂಥ ಕಡೆ ಎಕ್ಸ್‌ಪೋಷರ್ ಕಾಂಪನ್ಸೇಷನ್ −1ರಿಂದ −1.5 ಇಟ್ಟು ತೆಗೆಯಿರಿ.

ಪ್ರಶ್ನೆ: ಮರದಡಿ ಮಲಗಿದ ಚಿರತೆಯ ಮೈಮೇಲೆ ಎಲೆಗಳ ನಡುವಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು. ನೆರಳಿನ ಭಾಗ ಹಸಿರು ಹಸಿರು. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಫೋಟೊದ ಬಣ್ಣ ಸರಿಪಡಿಸುವ ಹೊಂದಿಕೆ) ಬದಲಿಸಿದರೆ ಬಿಸಿಲಿನ ಭಾಗ ಗುಲಾಬಿಯಾಗುತ್ತದೆ.

ಉತ್ತರ: ಆಗಲೇಬೇಕು. ಒಂದೇ ಫೋಟೊದಲ್ಲಿ ಎರಡು ಬೆಳಕಿವೆ: ನೇರ ಬಿಸಿಲು ಒಂದು, ಎಲೆಯ ಮೂಲಕ ಸೋಸಿ ಬಂದದ್ದು ಇನ್ನೊಂದು. ಒಂದೇ ವೈಟ್ ಬ್ಯಾಲೆನ್ಸ್ ಎರಡಕ್ಕೂ ಹೊಂದದು. ಇಡೀ ಫೋಟೊಗೆ ಬಿಸಿಲನ್ನು ನೋಡಿ ವೈಟ್ ಬ್ಯಾಲೆನ್ಸ್ ಇಡಿ. ಆಮೇಲೆ ಚಿರತೆಗೆ ಮಾಸ್ಕ್ ಹಾಕಿ, ಅದನ್ನು ಲ್ಯೂಮಿನೆನ್ಸ್ ರೇಂಜ್‌ನೊಂದಿಗೆ (ಬೆಳಕಿನ ಮಟ್ಟ ನೋಡಿ ಆಯುವ ಮಾಸ್ಕ್) ಇಂಟರ್‌ಸೆಕ್ಟ್ ಮಾಡಿ ನೆರಳಿನ ಭಾಗವನ್ನಷ್ಟೇ ಉಳಿಸಿಕೊಳ್ಳಿ. ಅಲ್ಲಿ ಟಿಂಟ್ ಅನ್ನು ಹಸಿರಿನ ಎದುರು ಬಣ್ಣವಾದ ಮೆಜೆಂಟಾ ಕಡೆಗೆ 8ರಿಂದ 15ರಷ್ಟು ಸರಿಸಿ. ಹಸಿರನ್ನು ಪೂರ್ತಿ ತೊಳೆಯಬೇಡಿ. ಮರದಡಿಯ ಪ್ರಾಣಿಯ ಮೇಲೆ ಸ್ವಲ್ಪ ಹಸಿರು ಇರುವುದು ಸಹಜ.

ಬಿಸಿಲ ಚುಕ್ಕೆಗೆ ಇನ್ನೊಂದು ಮಾಸ್ಕ್: ಲ್ಯೂಮಿನೆನ್ಸ್‌ನ ಮೇಲಿನ ತುದಿ ಮಾತ್ರ, ಅಂಚು ಮೃದುವಾಗಿರಲಿ. ಹೈಲೈಟ್ಸ್ −30, ಎಕ್ಸ್‌ಪೋಷರ್ −0.3. ಕ್ಲ್ಯಾರಿಟಿಯನ್ನು ಮುಟ್ಟಲೇಬೇಡಿ. ಅಕ್ಕಪಕ್ಕದ ನೆರಳು-ಬೆಳಕಿನ ಅಂತರ ಹೆಚ್ಚಿಸುವುದೇ ಅದರ ಕೆಲಸ. ಹಾಕಿದರೆ ಒಂದೊಂದು ಚುಕ್ಕೆಯೂ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ರೋಮ ಬಿಡಿಬಿಡಿಯಾಗಿ ಕಾಣಬೇಕಾದರೆ ಟೆಕ್ಸ್ಚರ್ +10 ಸಾಕು. ಕಣ್ಣಿಗೆ ಎಕ್ಸ್‌ಪೋಷರ್ +0.3 ಮೀರಬಾರದು. ಮೀರಿದರೆ ಒಳಗೆ ದೀಪ ಹಚ್ಚಿಟ್ಟ ಹಾಗಿರುತ್ತದೆ.

ಸುಟ್ಟುಹೋದ ಬಿಳಿ ಚುಕ್ಕೆ ಕಣ್ಣಿನ ಮೇಲೆಯೇ ಬಿದ್ದಿದ್ದರೆ ಆ ಫ್ರೇಮ್ ಬಿಟ್ಟುಬಿಡಿ. ಗಾಳಿಗೆ ಎಲೆ ಅಲುಗಿದಾಗ ಚುಕ್ಕೆಯೂ ಸರಿದಿರುತ್ತದೆ. ಅದೇ ಬರ್ಸ್ಟ್‌ನ (ಒಂದರ ಹಿಂದೊಂದು ವೇಗವಾಗಿ ತೆಗೆದ ಫೋಟೊಗಳ ಸಾಲು) ಹಿಂದುಮುಂದಿನ ಫ್ರೇಮ್‌ಗಳಲ್ಲಿ ಮುಖ ಬಿಡಿಸಿಕೊಂಡದ್ದು ಒಂದಾದರೂ ಸಿಗುವ ಸಾಧ್ಯತೆ ಇದೆ.

ಪ್ರಶ್ನೆ: ತೆರೆಯ ಮೇಲೆ ಚೆನ್ನಾಗಿದ್ದ ಫೋಟೊ ಪ್ರಿಂಟ್‌ನಲ್ಲಿ ಕತ್ತಲೆ.

ಉತ್ತರ: ಮಾನಿಟರ್‌ನ ಬೆಳಕು ಜಾಸ್ತಿ ಇದೆ. ಪ್ರಿಂಟ್‌ಗಾಗಿ ಎಡಿಟ್ ಮಾಡುವಾಗ ಪ್ರತಿ ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾ ಒಳಗಿರಲಿ. ಅಳೆಯುವ ಸಾಧನ ಇಲ್ಲದಿದ್ದರೆ ಹಿಸ್ಟೋಗ್ರಾಂ (ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಂಬಿ, ಕಣ್ಣನ್ನಲ್ಲ.

ಪ್ರಶ್ನೆ: ಎಡಿಟ್ ಮಾಡಿದ್ದನ್ನು ನಾಲ್ಕು ಜನಕ್ಕೆ ತೋರಿಸಿದರೆ ಇಬ್ಬರು ‘ಸೂಪರ್’ ಅನ್ನುತ್ತಾರೆ, ಒಬ್ಬರು ಮುಖ ಬೆಳಗಿಸು ಅನ್ನುತ್ತಾರೆ, ಇನ್ನೊಬ್ಬರು ಹಿನ್ನೆಲೆ ಕಪ್ಪು ಮಾಡು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಕೊನೆಯ ಇಬ್ಬರೂ ಒಂದೇ ಮಾತು ಹೇಳಿದ್ದಾರೆ: ಹಿನ್ನೆಲೆಯಿಂದ ಮುಖ ಬೇರೆಯಾಗಿ ಎದ್ದು ಕಾಣುತ್ತಿಲ್ಲ. ನೋಡುವವರು ಸೂಚಿಸುವ ಮದ್ದು ತಪ್ಪಿರಬಹುದು, ಬೆರಳಿಟ್ಟು ತೋರಿಸುವ ಜಾಗ ತಪ್ಪುವುದು ಕಡಿಮೆ. ವರ್ಚುವಲ್ ಕಾಪಿ (ಮೂಲ ಎಡಿಟ್ ಹಾಗೇ ಉಳಿಸಿ ತೆಗೆದ ಇನ್ನೊಂದು ಪ್ರತಿ) ಮಾಡಿಕೊಂಡು ಎರಡನ್ನೂ ಅರ್ಧರ್ಧ ಮಾಡಿ: ಮುಖಕ್ಕೆ ಎಕ್ಸ್‌ಪೋಷರ್ +0.2, ಹಿನ್ನೆಲೆಗೆ −0.3.

‘ಹೇಗಿದೆ?’ ಎಂದು ಕೇಳಿದರೆ ‘ಸೂಪರ್’ ಎಂಬ ಉತ್ತರವೇ ಬರುತ್ತದೆ. ಎಡಿಟ್ ಮಾಡದ ಫೋಟೊವನ್ನೂ ಪಕ್ಕದಲ್ಲಿಟ್ಟು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಎಂದು ತಿಳಿಸಿ, ಎರಡೇ ಪ್ರಶ್ನೆ ಕೇಳಿ: ಕಣ್ಣು ಮೊದಲು ಎಲ್ಲಿಗೆ ಹೋಯಿತು? ಕೈಯಾಡಿಸಿದ್ದು ಎಲ್ಲಿ ಗೊತ್ತಾಗುತ್ತಿದೆ? ಎರಡನೆಯದಕ್ಕೆ ಬಂದ ಉತ್ತರವನ್ನು ವಾದ ಮಾಡದೆ ಬರೆದಿಟ್ಟುಕೊಳ್ಳಿ. ಗಂಟೆಗಟ್ಟಲೆ ಅದೇ ಫೋಟೊ ನೋಡಿದ ನಿಮ್ಮ ಕಣ್ಣು ಒಗ್ಗಿಹೋಗಿರುತ್ತದೆ, ಮೊದಲ ಪ್ರಶ್ನೆಯ ಹದ್ದಿನ ಸುತ್ತ ಇದ್ದಂಥ ಬಿಳಿ ಅಂಚು ನಿಮಗಿನ್ನು ಕಾಣುವುದಿಲ್ಲ. ಹೊಸಬರಿಗೆ ಎರಡೇ ಕ್ಷಣದಲ್ಲಿ ಕಾಣುತ್ತದೆ.