‘ಗಣೇಶನ ಮದುವೆ’ ಈಗ ಸಪ್ಪೆ ಅನಿಸಿದರೆ ಮೊದಲು ಪ್ರಿಂಟನ್ನು ಪರೀಕ್ಷಿಸಿ

ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿ ಬಿದ್ದು ಬಿದ್ದು ನಕ್ಕಿದ್ದ ‘ಗಣೇಶನ ಮದುವೆ’ಯನ್ನು ಮೊನ್ನೆ ಮತ್ತೆ ಹಾಕಿ, ಅರ್ಧ ಗಂಟೆಗೇ ನಿಲ್ಲಿಸಿಬಿಟ್ಟೆ ಅಂದಿದ್ದೀರಿ. ಸಿನಿಮಾ ಹಳಸಿತೋ ನಾನೇ ಬದಲಾದೆನೋ ಅಂತ ನಿಮ್ಮ ಪ್ರಶ್ನೆ. ಆ ಎರಡಕ್ಕೂ ಮುಂಚೆ ನನಗಿರುವ ಅನುಮಾನ ನೀವು ನೋಡಿದ ಪ್ರತಿಯ ಮೇಲೆ.

ಫಣಿ ರಾಮಚಂದ್ರ ಅವರ ಈ 1990ರ ಚಿತ್ರ ನಡೆಯೋದು ವಠಾರದಲ್ಲಿ. ವಠಾರ ಅಂದಮೇಲೆ ಒಬ್ಬರ ಜಗಳಕ್ಕೆ ನಾಲ್ಕು ಜನ ಪ್ರೇಕ್ಷಕರು. ಮಾತಾಡುವವರಲ್ಲಿರುವಷ್ಟೇ ನಗು, ಸುಮ್ಮನೆ ನಿಂತು ಕೇಳಿಸಿಕೊಳ್ಳುವವರ ಮುಖದಲ್ಲೂ ಇದೆ. ಕೆಟ್ಟ ಪ್ರತಿಯಲ್ಲಿ ಮೊದಲು ಹಾಳಾಗೋದು ಇದೇ.

ಆನ್‌ಲೈನ್‌ನಲ್ಲಿ ಸಿಗುವ ಹಳೆಯ ಕನ್ನಡ ಚಿತ್ರಗಳಲ್ಲಿ ಎಷ್ಟೋ 4:3 ಅಳತೆಯ (ಅಗಲ 4 ಪಾಲು, ಎತ್ತರ 3) ಟಿವಿ ಪ್ರತಿಗಳು. ಅವನ್ನು ಇವತ್ತಿನ 16:9 ಪರದೆಗೆ ತುಂಬಿಸಲು ಎರಡು ದಾರಿ, ಎರಡೂ ತಪ್ಪು. ಅಡ್ಡಡ್ಡ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. ಹಿಗ್ಗಿಸಿ ಕತ್ತರಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತೆ, ಹಿಂದೆ ನಿಂತವರ ತಲೆ ಸಮೇತ. ಕಂಡುಹಿಡಿಯೋದು ಸುಲಭ: ತಟ್ಟೆಯೋ ಸೈಕಲ್ ಚಕ್ರವೋ ಕ್ಯಾಮೆರಾಗೆ ನೇರವಾಗಿ ಕಂಡಾಗ ನಿಲ್ಲಿಸಿ ಸ್ಕೇಲ್ ಇಟ್ಟು ನೋಡಿ. ಅಗಲ 8 ಸೆಂ.ಮೀ., ಎತ್ತರ 6 ಬಂದರೆ ಎಳೆದ ಪ್ರತಿ. ಟಿವಿಯ ಪಿಕ್ಚರ್ ಸೈಜ್ ಅನ್ನು 4:3 ಮಾಡಿದರೆ ಸರಿಹೋಗುತ್ತೆ. ಕತ್ತರಿಸಿದ ಪ್ರತಿಗೆ ಮದ್ದಿಲ್ಲ, ಬೇರೆ ಅಪ್‌ಲೋಡ್ ಹುಡುಕಿ. ಎರಡೂ ಬದಿ ಕಪ್ಪು ಪಟ್ಟಿ ಇರುವ ಪ್ರತಿ ಕಂಡರೆ ಬೈಯಬೇಡಿ, ಬಹುಮಟ್ಟಿಗೆ ಅದೇ ಒಳ್ಳೆಯದು.

ಮುಂದಿನದು ವೇಗ. ಫಿಲ್ಮ್ ಓಡೋದು ಸೆಕೆಂಡಿಗೆ 24 ಫ್ರೇಮ್, ನಮ್ಮ ಹಳೆಯ ಟಿವಿ ಪದ್ಧತಿ 25. 24ನ್ನು 25ರ ಲೆಕ್ಕದಲ್ಲಿ ಓಡಿಸಿ ವರ್ಗಾಯಿಸಿದ ಪ್ರತಿ ಶೇ. 4ರಷ್ಟು ಬೇಗ ಓಡುತ್ತೆ, ದನಿಯೂ ಕಿವಿಗೆ ಗೊತ್ತಾಗುವಷ್ಟು ಏರುತ್ತೆ. ಶೇ. 4 ಏನು ಮಹಾ ಅನ್ನಬೇಡಿ. ಗಣೇಶನಾಗಿ ಅನಂತ್‌ನಾಗ್ ನಗಿಸೋದು ಕೂಗಾಡಿ ಅಲ್ಲ; ಮಾತಿನ ನಡುವೆ ಒಂದು ಕ್ಷಣ ತಡೆದು. ಆ ತಡೆ ಚಿಕ್ಕದಾದರೆ ಜೋಕೂ ಜಾರಿಹೋಗುತ್ತೆ. ಪರೀಕ್ಷೆಗೆ, ಆಡಿಯೋದಲ್ಲಿ 5 ನಿಮಿಷ ಇರುವ ಹಾಡು ಚಿತ್ರದಲ್ಲಿ ಕತ್ತರಿ ಬೀಳದೆಯೇ 4 ನಿಮಿಷ 48 ಸೆಕೆಂಡಿಗೆ ಮುಗಿದರೆ ವೇಗದ ಪ್ರತಿ ಅಂತಲೇ ಅರ್ಥ. ವಿಡಿಯೋ ನೋಡುವ ವಿಎಲ್‌ಸಿ ಪ್ಲೇಯರ್‌ನಲ್ಲಿ ವೇಗ 0.96 ಇಡಿ, ಜೊತೆಗೆ ಆಡಿಯೋ ಸೆಟ್ಟಿಂಗ್‌ನಲ್ಲಿ ಟೈಮ್ ಸ್ಟ್ರೆಚಿಂಗ್ ತೆಗೆಯಿರಿ. ಅದು ಇದ್ದರೆ ವೇಗ ಇಳಿದರೂ ದನಿ ಇಳಿಯಲ್ಲ.

ದೃಶ್ಯ ಕತ್ತರಿಸಿದ್ದಾರೋ ಅಂತ ತಿಳಿಯಲು ಶುರುವಿನ ಸೆನ್ಸಾರ್ ಸರ್ಟಿಫಿಕೇಟ್ ನೋಡಿ, ಅಪ್‌ಲೋಡ್ ಮಾಡಿದವರು ಉಳಿಸಿದ್ದರೆ. ಅದರಲ್ಲಿ ಉದ್ದ ಮೀಟರ್‌ನಲ್ಲಿರುತ್ತೆ. 35 ಎಂ.ಎಂ. ಫಿಲ್ಮ್ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತೆ. ಭಾಗಿಸಿದರೆ ನಿಮಿಷ ಸಿಕ್ಕಿತು. 4000 ಮೀಟರ್ ಅಂದರೆ 146 ನಿಮಿಷ. ಫೈಲ್ 140 ಇದ್ದರೆ ವೇಗದ್ದೇ ಕೆಲಸ, 125 ಇದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ.

ಟಿವಿಯಲ್ಲಿ ಮೋಷನ್ ಸ್ಮೂತಿಂಗ್, ಅಂದರೆ ಚಲನೆಯನ್ನು ನುಣುಪಾಗಿಸುವ ಸೆಟ್ಟಿಂಗ್, ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್ ಅಂತಿರುತ್ತೆ. ಇದ್ದರೆ ಸಿನಿಮಾ ಸೀರಿಯಲ್ ಥರ ಕಾಣುತ್ತೆ. ಸರೌಂಡ್ ಮೋಡ್ ಕೂಡ ಬೇಡ, ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತೆ.

ಇನ್ನು ಕಥೆ. ಎದುರಾಎದುರು ಕಂಡರೆ ಕಚ್ಚಾಡುವ ಗಣೇಶ ಮತ್ತು ಆದಿಲಕ್ಷ್ಮಿ (ವಿನಯಾ ಪ್ರಸಾದ್), ಪತ್ರದಲ್ಲಿ ವೈ.ಜಿ. ರಾವ್, ಶ್ರುತಿ ಅನ್ನುವ ಹೆಸರಲ್ಲಿ, ಯಾರೆಂದು ಗೊತ್ತಿಲ್ಲದೆಯೇ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಹಂಗೇರಿಯ ಮಿಕ್ಲೋಶ್ ಲಾಸ್ಲೋ 1937ರ ನಾಟಕದಲ್ಲಿ ಇಂಥದೇ ಎಳೆ ಹಿಡಿದಿದ್ದರು. ಅದರಿಂದ ಹಾಲಿವುಡ್‌ನಲ್ಲಿ 1940ರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’, 1998ರ ‘ಯೂ ಹ್ಯಾವ್ ಗಾಟ್ ಮೇಲ್’ ಬಂದವು. ಅಲ್ಲಿ ಅಂಗಡಿ ಬಾಗಿಲು ಹಾಕಿದ ಮೇಲೆ ಇಬ್ಬರೂ ಬೇರೆ ಬೇರೆ ಮನೆಗೆ ಹೋಗುತ್ತಾರೆ. ವಠಾರದಲ್ಲಿ ಹೋಗೋದೆಲ್ಲಿಗೆ? ಬೈದಾಡಿದವರ ನಡುವೆ ಇರೋದು ಒಂದು ಗೋಡೆ.

ಮೊದಲ ಸಲ ನೋಡುವಾಗ ಯಾವಾಗ ಗೊತ್ತಾಗುತ್ತೆ ಅಂತ ಕಾಯುತ್ತೀವಿ. ಎರಡನೇ ಸಲ ಗುಟ್ಟು ನಿಮ್ಮ ಕೈಲೇ ಇದೆ, ಹಾಗಾಗಿ ಕಾಯುವ ಕೆಲಸ ಬಿಡಿ. ಪ್ರತಿ ಪತ್ರದ ನಂತರದ ಜಗಳವನ್ನು ಗಮನಿಸಿ: ಅದೇ ಬಾಯಿ, ಎರಡು ಭಾಷೆ. ಮನೆ ಮಾಲೀಕ ರಮಣಮೂರ್ತಿಯಾಗಿ ‘ಮುಖ್ಯಮಂತ್ರಿ’ ಚಂದ್ರು ಇರುವ ದೃಶ್ಯಗಳನ್ನು ಮೊಬೈಲ್‌ನಲ್ಲಿ ನೋಡಲೇಬೇಡಿ. ಸುತ್ತ ನಿಂತವರು ಕಾಳಿನಷ್ಟಾಗುತ್ತಾರೆ.

ಅರ್ಧ ಗಂಟೆಗೆ ನಿಲ್ಲಿಸಿದ್ದೂ ತಪ್ಪೇ. ನಮ್ಮ ಚಿತ್ರಕಥೆಗಳು ವಿರಾಮವನ್ನು ಲೆಕ್ಕಕ್ಕಿಟ್ಟುಕೊಂಡೇ ಕಟ್ಟಿದವು, ಅಲ್ಲಿಯ ತನಕ ಒಂದೇ ಪಟ್ಟಿಗೆ ಕೂತು ನೋಡಿ, ಆಗುವುದಾದರೆ ಮನೆಮಂದಿಯ ಜೊತೆ. ಇಷ್ಟಾದಮೇಲೂ ನಗು ಬರಲಿಲ್ಲವೋ, ಸಿನಿಮಾ ಹಳಸಿದೆ ಅಂತ ಧಾರಾಳವಾಗಿ ಬರೆಯಿರಿ, ನಾನು ಜಗಳಕ್ಕೆ ಬರಲ್ಲ.