ಎರಡೇ ಪಕ್ಷಗಳಿರುವ ಕಡೆ ಅಧಿಕಾರ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಹೋಗುವುದು ಯಾಕೆ? ಒಳಒಪ್ಪಂದ ಏನಾದರೂ ಇರುತ್ತದಾ?

ಒಳಒಪ್ಪಂದದ ಅನುಮಾನವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕೊಲಂಬಿಯಾದಲ್ಲಿ ಅದು ನಡೆದೇ ಇದೆ, ಅದೂ ರಾಜಾರೋಷವಾಗಿ. ಲಿಬರಲ್ ಮತ್ತು ಕನ್ಸರ್ವೇಟಿವ್ ಪಕ್ಷಗಳು ವರ್ಷಗಟ್ಟಲೆ ಬಡಿದಾಡಿ ಸುಸ್ತಾದ ಮೇಲೆ ರಾಜಿಗೆ ಬಂದವು. 1958ರಿಂದ 1974ರವರೆಗೆ ನಾಲ್ಕು ವರ್ಷ ನಿಮ್ಮವರು, ನಾಲ್ಕು ವರ್ಷ ನಮ್ಮವರು ಅಂತ ಅಧ್ಯಕ್ಷ ಸ್ಥಾನ ಹಂಚಿಕೊಂಡವು. ಆದರೆ ಇದು ಅಪರೂಪ. ಬೇರೆ ಕಡೆ ಒಪ್ಪಂದದ ಅಗತ್ಯವೇ ಬೀಳುವುದಿಲ್ಲ, ಮತದಾರರ ಸಿಟ್ಟೇ ಆ ಕೆಲಸ ಮಾಡುತ್ತದೆ.

ನಾನು ನೋಡಿದ ಮಟ್ಟಿಗೆ, ಬೇಕಾದವರನ್ನು ಕೂರಿಸಲು ಓಟು ಹಾಕುವವರಿಗಿಂತ ಬೇಡವಾದವರನ್ನು ಇಳಿಸಲು ಹಾಕುವವರೇ ಫಲಿತಾಂಶ ತಿರುಗಿಸುತ್ತಾರೆ. ಬೆಲೆ ಏರಿತು, ಕೆಲಸ ಸಿಗಲಿಲ್ಲ, ಹಗರಣ ಬಯಲಾಯಿತು, ಟಿಕೆಟ್ ಸಿಗದವರು ಮುನಿಸಿಕೊಂಡರು. ಕೆಲವಕ್ಕೆ ಸರ್ಕಾರ ಕಾರಣವೇ ಅಲ್ಲದಿರಬಹುದು, ಆದರೂ ಬೈಸಿಕೊಳ್ಳುವುದು ಅದೇ ತಾನೇ? ಇರುವುದು ಎರಡೇ ಪಕ್ಷವಾದರೆ ಈ ಸಿಟ್ಟಿನ ಲಾಭವೆಲ್ಲ ಎದುರಿನವರಿಗೆ. ಅವರು ಹೊಸದೇನೂ ಮಾಡಬೇಕಾಗಿಲ್ಲ, ಅವಾಂತರ ಮಾಡಿಕೊಳ್ಳದೆ ಕಾದಿದ್ದರೆ ಸಾಕು.

ಬ್ರಿಟನ್ನಿನ 2024ರ ಚುನಾವಣೆ ನೋಡಿ. 2019ರಲ್ಲಿ ಲೇಬರ್ ಪಕ್ಷಕ್ಕೆ ಸುಮಾರು 32% ಓಟು ಬಂದು ಸಿಕ್ಕಿದ್ದು 202 ಸೀಟು. 2024ರಲ್ಲಿ ಓಟು 34%ರ ಹತ್ತಿರ ಬಂತು, ಅಷ್ಟೇ. ಸೀಟು ಮಾತ್ರ 400 ದಾಟಿತು! ಲೇಬರ್ ಮೇಲೆ ಜನರಿಗೆ ದಿಢೀರ್ ಪ್ರೀತಿ ಉಕ್ಕಿತು ಅಂತ ಇದನ್ನು ಓದಲು ಆಗುವುದಿಲ್ಲ. ಆಡಳಿತದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ಓಟು 44%ರ ಆಸುಪಾಸಿನಿಂದ 24%ಕ್ಕೆ ಕುಸಿದಿತ್ತು.

ಇನ್ನೊಂದು ಕಾರಣ ಲೆಕ್ಕದ್ದು. ಎರಡೂ ಕಡೆಯ ಖಾಯಂ ಓಟು ಹೆಚ್ಚುಕಡಿಮೆ ಸಮ ಇದ್ದಾಗ ನಡುವಿನ ಒಂದಿಷ್ಟು ಜನ ಮಗ್ಗುಲು ಬದಲಿಸಿದರೆ ಸರ್ಕಾರವೇ ಉರುಳುತ್ತದೆ. 1985ರ ನಂತರ 2022ರವರೆಗೂ ಹಿಮಾಚಲ ಪ್ರದೇಶದಲ್ಲಿ ಯಾವ ಆಡಳಿತ ಪಕ್ಷವೂ ಸತತ ಎರಡನೇ ಸಲ ಗೆಲ್ಲಲಿಲ್ಲ. 2022ರಲ್ಲಿ ಕಾಂಗ್ರೆಸ್‌ಗೆ 68ರಲ್ಲಿ 40 ಸೀಟು ಬಂತು, ಬಿಜೆಪಿಗೆ 25. ಇಬ್ಬರ ಓಟಿನ ಅಂತರ ಒಂದು ಪರ್ಸೆಂಟ್ ಕೂಡ ಇರಲಿಲ್ಲ. ಸೀಟು ಮಾತ್ರ ನೋಡುವವರು ಇದನ್ನು ಅಲೆ ಅನ್ನುತ್ತಾರೆ.

ಹಾಗಂತ ಮುಂದಿನ ಸಲ ಬದಲಾಗುವುದು ಗ್ಯಾರಂಟಿ ಅಂದುಕೊಳ್ಳಬೇಡಿ. ಕೇರಳದಲ್ಲಿ ದಶಕಗಳಿಂದ ನಡೆದಿದ್ದ ಸರದಿ 2021ರಲ್ಲಿ ಮುರಿದು ಎಡರಂಗವೇ ವಾಪಸ್ ಬಂತು. ಅಮೆರಿಕದಲ್ಲಿ 1933ರಿಂದ 20 ವರ್ಷ ಅಧ್ಯಕ್ಷ ಸ್ಥಾನ ಡೆಮಾಕ್ರಟಿಕ್ ಪಕ್ಷದ ಕೈಯಲ್ಲೇ ಇತ್ತು. ಸಿಟ್ಟು ಇದ್ದರೂ ಅದು ಎರಡು ಕಡೆ ಹಂಚಿಹೋದರೆ ಕೂತವರಿಗೇ ಹಬ್ಬ. 1983ರಲ್ಲಿ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಅವರ ಕನ್ಸರ್ವೇಟಿವ್ ಪಕ್ಷದ ಓಟಿನ ಪಾಲು ಹಿಂದಿನ ಸಲಕ್ಕಿಂತ ಇಳಿದಿತ್ತು. ಆದರೆ ಲೇಬರ್‌ನಿಂದ ಸಿಡಿದು ಹೋದವರು ಲಿಬರಲ್ಲರ ಜೊತೆ ಸೇರಿ ಕಾಲು ಭಾಗ ಓಟು ಎತ್ತಿಕೊಂಡಿದ್ದರು. ಥ್ಯಾಚರ್ ಸೀಟು 339ರಿಂದ 397ಕ್ಕೆ ಏರಿತು. ಲೇಬರ್ ಮತ್ತೆ ಅಧಿಕಾರಕ್ಕೆ ಬರಲು 1997ರವರೆಗೆ ಕಾಯಬೇಕಾಯಿತು.